ಪಿವಟ್ ಕೋಷ್ಟಕ: ವೆಬ್ ಅಪ್ಲಿಕೇಶನ್‌ಗಳಲ್ಲಿ ಅಳವಡಿಕೆ

ಪಿವಟ್ ಕೋಷ್ಟಕವೆಂದರೆ ಒಂದು ದಾಖಲೆಪಟ್ಟಿಯನ್ನು ಬಳಕೆದಾರ ಆರಿಸಿದ ಫೀಲ್ಡ್‌ಗಳ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನ ಮೊತ್ತ, ಎಣಿಕೆ, ಸರಾಸರಿ ಮುಂತಾದ ಲೆಕ್ಕಗಳನ್ನು ಅಡ್ಡಸಾಲು ಮತ್ತು ಕಂಬಸಾಲುಗಳ ಚೌಕಟ್ಟಿನಲ್ಲಿ ತೋರಿಸುವ ಸಾರಾಂಶ ಕೋಷ್ಟಕ. ಒಂದು ಫೀಲ್ಡನ್ನು ಅಡ್ಡಸಾಲಿನಿಂದ ಕಂಬಸಾಲಿಗೆ ಸರಿಸಿದ ಕೂಡಲೇ ಇಡೀ ಕೋಷ್ಟಕ ಹೊಸ ರೂಪ ತಾಳುತ್ತದೆ. ಮೂಲ ದಾಖಲೆಗಳು ಮಾತ್ರ ಇದ್ದ ಹಾಗೇ ಇರುತ್ತವೆ. ಸ್ಪ್ರೆಡ್‌ಶೀಟ್‌ಗಳಲ್ಲಿ ಬೆಳೆದ ಈ ಸಾಧನವನ್ನು ಬ್ರೌಸರ್‌ನಲ್ಲಿ ನಡೆಯುವ ಅಪ್ಲಿಕೇಶನ್‌ನೊಳಗೆ ಅಳವಡಿಸುವ ಬಗೆ, ಅದಕ್ಕೆ ಬೇಕಾದ ಲೆಕ್ಕದ ವ್ಯವಸ್ಥೆ ಮತ್ತು ಅದರ ಮಿತಿಗಳು ಈ ಲೇಖನದ ವಿಷಯ. ಫೀಲ್ಡ್‌ಗಳನ್ನು ಎಳೆದು ಬಿಡುವ ಸೌಲಭ್ಯ ಕಣ್ಣಿಗೆ ಮೊದಲು ಬೀಳುತ್ತದೆಯಾದರೂ ಕೋಷ್ಟಕದ ಬೆಲೆ ನಿಂತಿರುವುದು ಅದರಲ್ಲಿ ಕಾಣುವ ಮೊತ್ತಗಳು ಸರಿಯಾಗಿರುವುದರ ಮೇಲೆ.

ಪರಿಭಾಷೆ

ಗುಂಪು ಮಾಡಲು ಬಳಸುವ ಫೀಲ್ಡ್ ಆಯಾಮ: ಜಿಲ್ಲೆ, ತಿಂಗಳು, ಸರಕು, ತಳಿ. ಲೆಕ್ಕ ಹಾಕಲು ಬಳಸುವ ಫೀಲ್ಡ್ ಅಳತೆ: ಕ್ವಿಂಟಲ್, ರೂಪಾಯಿ, ಹಾಜರಾತಿ. ಒಂದು ಗುಂಪಿನ ಅಳತೆಗಳನ್ನೆಲ್ಲ ಒಂದೇ ಸಂಖ್ಯೆಯಾಗಿಸುವ ಕ್ರಿಯೆ ಒಟ್ಟುಗೂಡಿಕೆ. ಅಡ್ಡಸಾಲು ಮತ್ತು ಕಂಬಸಾಲು ಕೂಡುವ ಜಾಗ ಕೋಶ. ಯಾವ ಆಯಾಮ ಎಲ್ಲಿದೆ, ಯಾವ ಅಳತೆಗೆ ಯಾವ ಒಟ್ಟುಗೂಡಿಕೆ, ಯಾವ ಫಿಲ್ಟರ್ ಹಾಕಲಾಗಿದೆ ಎಂಬ ಒಟ್ಟು ವಿವರಣೆಯನ್ನು ಇಲ್ಲಿ ವಿನ್ಯಾಸ ಎನ್ನಲಾಗಿದೆ. ಕೋಶವೊಂದರ ಹಿಂದಿರುವ ಮೂಲ ದಾಖಲೆಗಳನ್ನು ತೆರೆದು ನೋಡುವುದು ಆಳನೋಟ. ‘ಪಿವಟ್ ಟೇಬಲ್’, ‘ಪಿವಟ್ ಗ್ರಿಡ್’, ‘ಕ್ರಾಸ್‌ಟ್ಯಾಬ್’ ಎಂಬ ಹೆಸರುಗಳು ಬಳಕೆಯಲ್ಲಿ ಒಂದರ ಬದಲು ಒಂದು ಬರುತ್ತವೆ. ಆದರೆ ಕ್ರಾಸ್‌ಟ್ಯಾಬ್ ಸ್ಥಿರವಾದ ಮುದ್ರಿತ ಕೋಷ್ಟಕವೂ ಆಗಿರಬಹುದು. ವಿನ್ಯಾಸವನ್ನು ಓದುಗನೇ ಬದಲಿಸಬಲ್ಲ ಕೋಷ್ಟಕಕ್ಕೆ ಮಾತ್ರ ಪಿವಟ್ ಎಂಬ ಹೆಸರು ಸಲ್ಲುತ್ತದೆ.

ಉಗಮ

ಪಿವಟ್ ಕೋಷ್ಟಕದ ಕಲ್ಪನೆಯನ್ನು ರೂಪಿಸಿದವರೆಂದು ಪಿಟೋ ಸಲಾಸ್ ಅವರನ್ನು ಗುರುತಿಸಲಾಗುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಲೋಟಸ್ ಸಂಸ್ಥೆಯಲ್ಲಿದ್ದಾಗ, ಸ್ಪ್ರೆಡ್‌ಶೀಟ್ ಬಳಸುವವರು ಒಂದೇ ದತ್ತಾಂಶವನ್ನು ಬೇರೆ ಬೇರೆ ದಿಕ್ಕಿನಿಂದ ನೋಡಲು ಪ್ರತಿ ಸಲವೂ ಹಾಳೆಯನ್ನು ಹೊಸದಾಗಿ ಕಟ್ಟುತ್ತಿದ್ದುದನ್ನು ಅವರು ಗಮನಿಸಿದರು. ಈ ಕೆಲಸದಿಂದ ಮೂಡಿಬಂದ ಲೋಟಸ್ ಇಂಪ್ರೂವ್ 1991ರಲ್ಲಿ ಸ್ಟೀವ್ ಜಾಬ್ಸ್ ಅವರ ನೆಕ್ಸ್ಟ್ ಗಣಕಗಳಿಗೆ, 1993ರಲ್ಲಿ ವಿಂಡೋಸ್‌ಗೆ ಬಿಡುಗಡೆಯಾಯಿತು. ಅದರಲ್ಲಿ ಕೋಶಗಳಿಗೆ ಅಕ್ಷರ–ಅಂಕಿಗಳ ವಿಳಾಸವಿರಲಿಲ್ಲ. ದತ್ತಾಂಶ, ಸೂತ್ರ, ನೋಟ ಮೂರೂ ಬೇರೆ ಬೇರೆಯಾಗಿದ್ದವು. ವರ್ಗದ ಹೆಸರನ್ನು ಎಳೆದರೆ ನೋಟ ತಿರುಗುತ್ತಿತ್ತು. ಮಾರುಕಟ್ಟೆಯಲ್ಲಿ ಇಂಪ್ರೂವ್ ಉಳಿಯಲಿಲ್ಲ, ಅದರ ಕಲ್ಪನೆ ಉಳಿಯಿತು. ಬ್ರಿಯೋ ಟೆಕ್ನಾಲಜಿ 1992ರಲ್ಲಿ ಮ್ಯಾಕಿಂಟಾಷ್‌ಗೆ ಡೇಟಾಪಿವಟ್ ಎಂಬ ತಂತ್ರಾಂಶವನ್ನು ತಂದಿತು. ಬೋರ್ಲ್ಯಾಂಡ್ ಆ ತಂತ್ರವನ್ನು ಕೊಂಡು ತನ್ನ ಕ್ವಾಟ್ರೊ ಪ್ರೊದಲ್ಲಿ ಸೇರಿಸಿತು. ಮೈಕ್ರೋಸಾಫ್ಟ್ ತನ್ನ ಎಕ್ಸೆಲ್ 5.0ರಲ್ಲಿ ‘ಪಿವಟ್‌ಟೇಬಲ್’ ಎಂಬ ಹೆಸರಿನಲ್ಲಿ ಈ ಸೌಲಭ್ಯವನ್ನು ಕೊಟ್ಟ ಮೇಲೆ ಅದು ಕಚೇರಿ ಕೆಲಸದ ಸಾಮಾನ್ಯ ಸಾಧನವಾಯಿತು. ಓಪನ್‌ಆಫೀಸ್‌ನಲ್ಲಿ ಇದೇ ಸೌಲಭ್ಯಕ್ಕೆ ಡೇಟಾಪೈಲಟ್ ಎಂಬ ಹೆಸರಿತ್ತು.

ಇದಕ್ಕೆ ಸಮಾನಾಂತರವಾಗಿ ಡೇಟಾಬೇಸ್ ಕ್ಷೇತ್ರದಲ್ಲಿ ಬಹುಆಯಾಮ ವಿಶ್ಲೇಷಣೆ ಬೆಳೆಯುತ್ತಿತ್ತು. ಸಂಬಂಧಾತ್ಮಕ ಡೇಟಾಬೇಸ್‌ಗಳ ಸಿದ್ಧಾಂತಕಾರ ಇ. ಎಫ್. ಕಾಡ್ 1993ರಲ್ಲಿ ಇದಕ್ಕೆ ಆನ್‌ಲೈನ್ ಅನಲಿಟಿಕಲ್ ಪ್ರೊಸೆಸಿಂಗ್ ಎಂದು ಹೆಸರಿಟ್ಟು 12 ನಿಯಮಗಳನ್ನು ಮುಂದಿಟ್ಟರು. ಓಲಾಪ್ ಎಂಬುದು ಅದರ ಸಂಕ್ಷೇಪ. ಜಿಮ್ ಗ್ರೇ ಮತ್ತು ಸಂಗಡಿಗರು 1996ರಲ್ಲಿ ಡೇಟಾ ಕ್ಯೂಬ್ ಎಂಬ ಕ್ರಿಯೆಯನ್ನು ವಿವರಿಸಿದರು. ಉಪಮೊತ್ತ, ಒಟ್ಟು ಮೊತ್ತಗಳೆಲ್ಲ ಒಂದೇ ಪ್ರಶ್ನೆಯಲ್ಲಿ ಸಿಗುವಂತೆ ಮಾಡುವ ಕ್ಯೂಬ್, ರೋಲಪ್, ಗ್ರೂಪಿಂಗ್ ಸೆಟ್ಸ್ ಎಂಬ ಮೂರು ರೂಪಗಳು ಎಸ್‌ಕ್ಯೂಎಲ್‌ನ 1999ರ ಮಾನಕಕ್ಕೆ ಸೇರಿದವು. ಇಂದಿನ ವೆಬ್ ಪಿವಟ್ ಕೋಷ್ಟಕದಲ್ಲಿ ಈ ಎರಡು ಪರಂಪರೆಗಳೂ ಇವೆ: ಮುಖ ಸ್ಪ್ರೆಡ್‌ಶೀಟಿನದು, ಲೆಕ್ಕ ಡೇಟಾಬೇಸಿನದು.

ವೆಬ್‌ಗೆ ಬಂದ ಬಗೆ

ಬ್ರೌಸರ್‌ನಲ್ಲಿ ಪಿವಟ್ ಕೋಷ್ಟಕ ವ್ಯಾಪಕವಾಗಿ ಕಾಣಿಸಿಕೊಂಡದ್ದು ಆಫೀಸ್ 2000ದೊಂದಿಗೆ ಬಂದ ಆಫೀಸ್ ವೆಬ್ ಕಾಂಪೊನೆಂಟ್ಸ್ ಮೂಲಕ. ಆಕ್ಟಿವ್‌ಎಕ್ಸ್ ತಂತ್ರದ ಮೇಲೆ ನಿಂತಿದ್ದ ಅದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಜಾವಾ ಬಳಗದಲ್ಲಿ ಮಾಂಡ್ರಿಯನ್ ಎಂಬ ಮುಕ್ತ ಓಲಾಪ್ ಎಂಜಿನ್ ಮತ್ತು ಅದರ ಫಲಿತಾಂಶವನ್ನು ಪುಟದಲ್ಲಿ ತೋರಿಸುವ ಜೆಪಿವಟ್ ಜೊತೆಯಾಗಿ ಬಳಕೆಗೆ ಬಂದವು. ಅವುಗಳಲ್ಲಿ ಪ್ರತಿ ಕ್ಲಿಕ್ಕಿಗೂ ಸರ್ವರ್ ಹೊಸ ಪುಟವನ್ನೇ ಕಟ್ಟಿ ಕಳಿಸಬೇಕಿತ್ತು. ಜಾವಾಸ್ಕ್ರಿಪ್ಟ್ ಎಂಜಿನ್‌ಗಳ ವೇಗ ಹೆಚ್ಚಿದ ಮೇಲೆ ಲೆಕ್ಕವೂ ಬ್ರೌಸರ್‌ಗೇ ಇಳಿಯಿತು. ನಿಕೊಲಸ್ ಕ್ರುಕ್ಟನ್ ರೂಪಿಸಿದ ಪಿವಟ್‌ಟೇಬಲ್ ಜೆಎಸ್ ಎಂಬ ಮುಕ್ತ ಲೈಬ್ರರಿ ಈ ಹಂತದ ಪ್ರಮುಖ ಉದಾಹರಣೆ. ಗೂಗಲ್ ತನ್ನ ಸ್ಪ್ರೆಡ್‌ಶೀಟ್ ಸೇವೆಗೆ 2011ರಲ್ಲಿ ಪಿವಟ್ ಕೋಷ್ಟಕವನ್ನು ಸೇರಿಸಿತು.

ರಚನೆ

ಕರ್ನಾಟಕದ ಎಪಿಎಂಸಿ ಮಾರುಕಟ್ಟೆಗಳ ಆವಕದ ದಾಖಲೆ ಈ ರಚನೆಯನ್ನು ವಿವರಿಸಲು ತಕ್ಕ ಮಾದರಿ. ಒಂದು ದಾಖಲೆಯಲ್ಲಿ ದಿನಾಂಕ, ಮಾರುಕಟ್ಟೆ, ಸರಕು, ತಳಿ, ಕ್ವಿಂಟಲ್ ಲೆಕ್ಕದ ಆವಕ, ಕನಿಷ್ಠ ಮತ್ತು ಗರಿಷ್ಠ ಬೆಲೆ ಹಾಗೂ ಹೆಚ್ಚು ಚಾಲ್ತಿಯಲ್ಲಿದ್ದ ಬೆಲೆ ಇರುತ್ತವೆ. ಶಿವಮೊಗ್ಗ ಮಾರುಕಟ್ಟೆಯ ಅಡಿಕೆಯನ್ನು ತೆಗೆದುಕೊಂಡರೆ ರಾಶಿ, ಬೆಟ್ಟೆ, ‘ಸರಕು’, ಗೊರಬಲು ಎಂಬ ಅಡಿಕೆಯ ಬಗೆಗಳು (ದಾಖಲೆಯ ತಳಿ ಫೀಲ್ಡ್) ಅಡ್ಡಸಾಲಿಗೆ, ತಿಂಗಳುಗಳು ಕಂಬಸಾಲಿಗೆ, ಆವಕದ ಮೊತ್ತ ಕೋಶಕ್ಕೆ, ವರ್ಷ ಫಿಲ್ಟರ್‌ಗೆ ಬರುತ್ತದೆ. ಬೆಟ್ಟೆಯ ಜನವರಿ ಕೋಶವನ್ನು ಒತ್ತಿದರೆ ಆ ತಿಂಗಳ ಒಂದೊಂದು ದಿನದ ದಾಖಲೆ ತೆರೆದುಕೊಳ್ಳಬೇಕು, ಆಳನೋಟವೆಂದರೆ ಇದೇ.

ಅಡ್ಡಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಆಯಾಮಗಳಿದ್ದರೆ ಶೀರ್ಷಿಕೆಗಳು ಮರದ ಆಕಾರ ತಾಳುತ್ತವೆ. ಕಂದಾಯ ವಿಭಾಗ, ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂಬ ಆಡಳಿತ ಶ್ರೇಣಿ ಇಂಥ ಮರಕ್ಕೆ ಸಹಜ ಉದಾಹರಣೆ. ಪ್ರತಿ ಕವಲಿಗೂ ಉಪಮೊತ್ತ, ತುದಿಯಲ್ಲಿ ಒಟ್ಟು ಮೊತ್ತ ಇರುತ್ತವೆ. ಕಂಬಸಾಲಿನ ಶೀರ್ಷಿಕೆಗಳೂ ಹೀಗೆಯೇ: ಆರ್ಥಿಕ ವರ್ಷ, ತ್ರೈಮಾಸಿಕ, ತಿಂಗಳು. ಎರಡು ಮರಗಳ ನಡುವೆ ಕೋಶಗಳ ಜಾಲ. ಈ ಜಾಲದಲ್ಲಿ ಹೆಚ್ಚಿನ ಕೋಶಗಳು ಖಾಲಿಯಾಗಿರುವುದು ಸಾಮಾನ್ಯ, ಏಕೆಂದರೆ ಎಲ್ಲ ಮಾರುಕಟ್ಟೆಗಳಿಗೂ ಎಲ್ಲ ಸರಕುಗಳೂ ಬರುವುದಿಲ್ಲ. ಆದ್ದರಿಂದ ಒಳಗೆ ಪೂರ್ಣ ಜಾಲವನ್ನು ಹಿಡಿದಿಡದೆ, ಮೌಲ್ಯವಿರುವ ಕೋಶಗಳನ್ನಷ್ಟೇ ಅಡ್ಡಸಾಲು ಮತ್ತು ಕಂಬಸಾಲುಗಳ ಹೆಸರಿನೊಂದಿಗೆ ಇಟ್ಟುಕೊಳ್ಳುವುದು ರೂಢಿ.

ಖಾಲಿ ಕೋಶ ಮತ್ತು ಸೊನ್ನೆ ಒಂದೇ ಅಲ್ಲ. ಮಾರುಕಟ್ಟೆ ತೆರೆದಿದ್ದು ಸರಕು ಬರಲಿಲ್ಲವೆಂದರೆ ಸೊನ್ನೆ. ಮಾರುಕಟ್ಟೆಗೆ ರಜೆ ಇತ್ತು ಅಥವಾ ದಾಖಲೆಯೇ ಬಂದಿಲ್ಲವೆಂದರೆ ಖಾಲಿ. ಎರಡನ್ನೂ ಒಂದೇ ರೀತಿ ತೋರಿಸುವ ಕೋಷ್ಟಕ ಓದುಗನಿಗೆ ತಪ್ಪು ಹೇಳುತ್ತದೆ. ಸರಾಸರಿಯ ಲೆಕ್ಕದಲ್ಲಿ ಈ ತಪ್ಪು ದೊಡ್ಡದಾಗುತ್ತದೆ, ಸೊನ್ನೆ ಛೇದಕ್ಕೆ ಸೇರುತ್ತದೆ, ಖಾಲಿ ಸೇರುವುದಿಲ್ಲ.

ಒಟ್ಟುಗೂಡಿಕೆಯ ಲೆಕ್ಕ

ಪಿವಟ್ ಕೋಷ್ಟಕದ ಅತಿ ಕಠಿಣ ಭಾಗ ಉಪಮೊತ್ತ. ಜಿಮ್ ಗ್ರೇ ಮತ್ತು ಸಂಗಡಿಗರ ಲೇಖನ ಒಟ್ಟುಗೂಡಿಕೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಆ ವಿಂಗಡಣೆ ಇಂದಿಗೂ ಅಳವಡಿಕೆಯ ತಳಹದಿ.

ಮೊದಲನೆಯದರಲ್ಲಿ ಮೊತ್ತ, ಎಣಿಕೆ, ಕನಿಷ್ಠ, ಗರಿಷ್ಠಗಳು ಸೇರುತ್ತವೆ. ಇವುಗಳಲ್ಲಿ ಭಾಗಗಳ ಉತ್ತರಗಳಿಂದಲೇ ಇಡಿಯ ಉತ್ತರ ಸಿಗುತ್ತದೆ: ತಾಲ್ಲೂಕುಗಳ ಮೊತ್ತಗಳನ್ನು ಕೂಡಿದರೆ ಜಿಲ್ಲೆಯ ಮೊತ್ತ. ಎರಡನೆಯದರಲ್ಲಿ ಸರಾಸರಿ ಮತ್ತು ಮಾನಕ ವಿಚಲನೆ ಇವೆ. ಭಾಗಗಳ ಸರಾಸರಿಯಿಂದ ಇಡಿಯ ಸರಾಸರಿ ಸಿಗದು. ಆದರೆ ಪ್ರತಿ ಭಾಗದ ಮೊತ್ತ ಮತ್ತು ಎಣಿಕೆಯನ್ನು ಜೊತೆಗಿಟ್ಟುಕೊಂಡರೆ ಸಿಗುತ್ತದೆ. ಮೂರನೆಯದರಲ್ಲಿ ಮಧ್ಯಾಂಕ ಮತ್ತು ವಿಶಿಷ್ಟ ಎಣಿಕೆ ಬರುತ್ತವೆ. ಇವುಗಳಿಗೆ ಪ್ರತಿ ಹಂತದಲ್ಲೂ ಮೂಲ ದಾಖಲೆಗಳಿಗೇ ಹೋಗಬೇಕು.

ಸರಾಸರಿಯ ತೊಂದರೆಯನ್ನು ಒಂದು ಕಲ್ಪಿತ ಲೆಕ್ಕದಿಂದ ತೋರಿಸಬಹುದು. ಒಂದು ಮಾರುಕಟ್ಟೆಯಲ್ಲಿ 100 ಕ್ವಿಂಟಲ್ ಅಡಿಕೆ ಕ್ವಿಂಟಲಿಗೆ 50,000 ರೂಪಾಯಿಯಂತೆ, ಇನ್ನೊಂದರಲ್ಲಿ 900 ಕ್ವಿಂಟಲ್ 46,000 ರೂಪಾಯಿಯಂತೆ ಮಾರಾಟವಾಯಿತೆಂದುಕೊಂಡರೆ, ಎರಡು ಬೆಲೆಗಳ ಸಾದಾ ಸರಾಸರಿ 48,000. ಆವಕದ ತೂಕ ಸೇರಿಸಿದ ಸರಾಸರಿ 46,400. ಉಪಮೊತ್ತದ ಸಾಲಿನಲ್ಲಿ ಮೊದಲನೆಯದನ್ನು ತೋರಿಸುವ ಕೋಷ್ಟಕ ಕ್ವಿಂಟಲಿಗೆ 1,600 ರೂಪಾಯಿಯಷ್ಟು ತಪ್ಪಿರುತ್ತದೆ. ಬೆಲೆ, ದರ, ಶೇಕಡಾವಾರು, ಅನುಪಾತಗಳನ್ನು ಸಿದ್ಧ ಅಳತೆಗಳಂತೆ ಇಡದೆ ಅಂಶ ಮತ್ತು ಛೇದವನ್ನು ಪ್ರತ್ಯೇಕವಾಗಿ ಕೂಡಿ, ಕೊನೆಯಲ್ಲಿ ಭಾಗಿಸುವುದೇ ಇದಕ್ಕೆ ಪರಿಹಾರ.

ವಿಶಿಷ್ಟ ಎಣಿಕೆಯ ವಿಚಾರವೂ ಹೀಗೆಯೇ. ಒಬ್ಬನೇ ರೈತ ಶಿರಸಿಯಲ್ಲೂ ಸಾಗರದಲ್ಲೂ ಮಾರಿದ್ದರೆ ಎರಡೂ ಮಾರುಕಟ್ಟೆಗಳ ಎಣಿಕೆಯಲ್ಲಿ ಆತ ಇರುತ್ತಾನೆ, ಒಟ್ಟು ಎಣಿಕೆಯಲ್ಲಿ ಒಮ್ಮೆ ಮಾತ್ರ ಇರಬೇಕು. ಹೀಗಾಗಿ ಕೆಳಗಿನ ಒಟ್ಟು ಮೇಲಿನ ಸಾಲುಗಳ ಮೊತ್ತಕ್ಕಿಂತ ಕಡಿಮೆ ಬರುವುದೇ ಸರಿ. ಬಳಕೆದಾರರು ಇದನ್ನು ದೋಷವೆಂದು ತಿಳಿಯದಂತೆ ಆ ಸಾಲಿಗೊಂದು ಟಿಪ್ಪಣಿ ಬೇಕು. ಕೋಟಿಗಟ್ಟಲೆ ದಾಖಲೆಗಳಿದ್ದಾಗ ಹೈಪರ್‌ಲಾಗ್‌ಲಾಗ್ ಎಂಬ ಅಂದಾಜು ವಿಧಾನ ಬಳಸುವುದುಂಟು. ಆಗ ಬಂದ ಸಂಖ್ಯೆ ಅಂದಾಜು ಎಂದು ಪರದೆಯ ಮೇಲೆ ತಿಳಿಸಬೇಕು.

ಗೋದಾಮಿನ ದಾಸ್ತಾನು, ಬ್ಯಾಂಕ್ ಖಾತೆಯ ಶಿಲ್ಕುಗಳದ್ದು ಬೇರೆಯೇ ಗುಣ. ತಿಂಗಳ ಕೊನೆಯ ದಾಸ್ತಾನನ್ನು ಗೋದಾಮುಗಳ ಉದ್ದಕ್ಕೆ ಕೂಡಬಹುದು, ತಿಂಗಳುಗಳ ಉದ್ದಕ್ಕೆ ಕೂಡಲಾಗದು. ವರ್ಷದ ಉಪಮೊತ್ತದಲ್ಲಿ ಕೊನೆಯ ತಿಂಗಳ ದಾಸ್ತಾನು ಬರಬೇಕೇ ಹೊರತು ಹನ್ನೆರಡರ ಮೊತ್ತವಲ್ಲ. ಆದ್ದರಿಂದ ಯಾವ ಅಳತೆಗೆ ಯಾವ ಆಯಾಮದ ಉದ್ದಕ್ಕೆ ಯಾವ ಒಟ್ಟುಗೂಡಿಕೆ ಸಲ್ಲುತ್ತದೆ ಎಂಬುದನ್ನು ದತ್ತಾಂಶ ಬಲ್ಲವರು ಮೊದಲೇ ನಿಗದಿಮಾಡಿ, ಸಲ್ಲದ ಆಯ್ಕೆಯನ್ನು ಬಳಕೆದಾರನಿಗೆ ತೋರಿಸದಿರುವುದು ಒಳ್ಳೆಯ ಅಳವಡಿಕೆಯ ಮೊದಲ ಲಕ್ಷಣ.

ಬಗೆಗಳು

ಲೆಕ್ಕ ಎಲ್ಲಿ ನಡೆಯುತ್ತದೆ ಎಂಬುದರ ಮೇಲೆ ವೆಬ್ ಪಿವಟ್ ಕೋಷ್ಟಕಗಳು ಮುಖ್ಯವಾಗಿ ಎರಡು ಬಗೆ.

ಬ್ರೌಸರ್ ಲೆಕ್ಕದ ಬಗೆಯಲ್ಲಿ ದಾಖಲೆಗಳೆಲ್ಲ ಒಮ್ಮೆಗೇ ಬ್ರೌಸರ್‌ಗೆ ಬರುತ್ತವೆ. ಮುಂದಿನ ಪ್ರತಿ ಎಳೆತಕ್ಕೂ ಅಲ್ಲೇ ಲೆಕ್ಕ. ಸರ್ವರ್‌ಗೆ ಹೋಗಿಬರುವ ಕಾಯುವಿಕೆಯಿಲ್ಲ, ಸಂಪರ್ಕ ಕಡಿದರೂ ಕೆಲಸ ನಡೆಯುತ್ತದೆ, ಅಳವಡಿಕೆ ಸರಳ. ಕೆಲವು ಸಾವಿರದಿಂದ ಲಕ್ಷದ ಆಸುಪಾಸಿನ ದಾಖಲೆಗಳಿಗೆ ಇದು ತಕ್ಕದ್ದು. ಪಿವಟ್‌ಟೇಬಲ್ ಜೆಎಸ್, ವೆಬ್‌ಡೇಟಾರಾಕ್ಸ್ ಮೊದಲಾದವು ಈ ವರ್ಗದವು. ಲೆಕ್ಕವನ್ನು ವೆಬ್ ವರ್ಕರ್‌ಗೆ ವಹಿಸಿದರೆ ದೊಡ್ಡ ಲೆಕ್ಕ ನಡೆಯುವಾಗಲೂ ಪುಟ ಸ್ತಬ್ಧವಾಗುವುದಿಲ್ಲ.

ಸರ್ವರ್ ಲೆಕ್ಕದ ಬಗೆಯಲ್ಲಿ ಬ್ರೌಸರ್ ವಿನ್ಯಾಸವನ್ನಷ್ಟೇ ಕಳಿಸುತ್ತದೆ. ಸರ್ವರ್ ಅದನ್ನು ಡೇಟಾಬೇಸ್ ಪ್ರಶ್ನೆಯಾಗಿಸಿ, ಒಟ್ಟುಗೂಡಿದ ಫಲಿತಾಂಶವನ್ನು ಮಾತ್ರ ಮರಳಿಸುತ್ತದೆ. 150 ಮಾರುಕಟ್ಟೆ, 50 ಸರಕು, ವರ್ಷಕ್ಕೆ 300 ದಿನ ಎಂದು ಹಿಡಿದರೆ ದಾಖಲೆಗಳು 22.5 ಲಕ್ಷ. ಇದರಿಂದ 31 ಜಿಲ್ಲೆ ಮತ್ತು 12 ತಿಂಗಳ ಕೋಷ್ಟಕ ಮಾಡಿದರೆ ಕೋಶಗಳು 372 ಮಾತ್ರ. ಮೊಬೈಲ್ ಸಂಪರ್ಕದ ಮೇಲೆ 22.5 ಲಕ್ಷ ದಾಖಲೆ ಸಾಗಿಸುವ ಬದಲು 372 ಸಂಖ್ಯೆಗಳನ್ನು ಸಾಗಿಸುವುದು ವಿವೇಕ. ಡೆವ್‌ಎಕ್ಸ್‌ಪ್ರೆಸ್, ಸಿಂಕ್‌ಫ್ಯೂಷನ್, ಕೆಂಡೊ ಯುಐ, ಎಜಿ ಗ್ರಿಡ್, ಫ್ಲೆಕ್ಸ್‌ಮಾನ್‌ಸ್ಟರ್ ಮುಂತಾದ ವಾಣಿಜ್ಯ ಘಟಕಗಳಲ್ಲಿ ಸರ್ವರ್ ಲೆಕ್ಕಕ್ಕೆ ಅವಕಾಶವಿದೆ. ಹಿಂದೆ ಓಲಾಪ್ ಘನವನ್ನೇ ಇಟ್ಟುಕೊಂಡಿದ್ದ ಸಂಸ್ಥೆಗಳಲ್ಲಿ ಎಂಡಿಎಕ್ಸ್ ಭಾಷೆಯ ಮೂಲಕ ಪ್ರಶ್ನೆ ಕೇಳುವ ರೂಢಿ ಇನ್ನೂ ಇದೆ.

ಇವೆರಡರ ನಡುವೆ ಮಿಶ್ರ ಬಗೆಯೊಂದಿದೆ. ಸರ್ವರ್ ದಾಖಲೆಗಳನ್ನು ದಿನ ಅಥವಾ ತಾಲ್ಲೂಕಿನ ಮಟ್ಟಕ್ಕೆ ಮೊದಲೇ ಒಟ್ಟುಗೂಡಿಸಿ ಕಳಿಸುತ್ತದೆ, ಅದಕ್ಕಿಂತ ಮೇಲಿನ ಮಟ್ಟಗಳ ಲೆಕ್ಕವನ್ನು ಬ್ರೌಸರ್ ಮಾಡುತ್ತದೆ. ಮೊತ್ತ ಮತ್ತು ಎಣಿಕೆಗಳಿಗೆ ಇದು ಸರಿ. ಮಧ್ಯಾಂಕ ಮತ್ತು ವಿಶಿಷ್ಟ ಎಣಿಕೆಗಳಿಗೆ ಹಿಂದೆ ಹೇಳಿದ ಕಾರಣದಿಂದ ಇದು ಸಲ್ಲದು. ಪಿವಟ್ ಕೋಷ್ಟಕವನ್ನು ತಾವೇ ಕಟ್ಟದೆ ಅಪಾಚೆ ಸೂಪರ್‌ಸೆಟ್, ಮೆಟಾಬೇಸ್, ಪವರ್ ಬಿಐ, ಟ್ಯಾಬ್ಲೋದಂಥ ಸಿದ್ಧ ವಿಶ್ಲೇಷಣಾ ತಂತ್ರಾಂಶವನ್ನು ತಮ್ಮ ಪುಟದೊಳಗೆ ಕೂರಿಸುವವರೂ ಇದ್ದಾರೆ. ಟ್ಯಾಬ್ಲೋದ ಮೂಲವಾದ ಪೊಲಾರಿಸ್ ಎಂಬ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆ ಪಿವಟ್ ಕೋಷ್ಟಕದ ಮುಖವನ್ನೇ ಚಿತ್ರಗಳಿಗೆ ವಿಸ್ತರಿಸಿದ ಪ್ರಯತ್ನವಾಗಿತ್ತು.

ಅಳವಡಿಕೆ

ಕೆಲಸ ಆರಂಭವಾಗುವುದು ದತ್ತಾಂಶವನ್ನು ಉದ್ದ ರೂಪಕ್ಕೆ ತರುವುದರಿಂದ. ತಿಂಗಳಿಗೊಂದು ಕಂಬಸಾಲಿರುವ ಅಗಲ ಪಟ್ಟಿಯಿಂದ ಪಿವಟ್ ಮಾಡಲಾಗದು. ಒಂದು ತಿಂಗಳ ಒಂದು ಮಾರುಕಟ್ಟೆಯ ಸಂಗತಿಗೆ ಒಂದು ದಾಖಲೆ ಎಂಬಂತೆ ಬಿಡಿಸಬೇಕು. ನಂತರ ಆಯಾಮಗಳ ಮತ್ತು ಅಳತೆಗಳ ಪಟ್ಟಿ ಸಿದ್ಧವಾಗಬೇಕು: ಪ್ರತಿ ಫೀಲ್ಡಿನ ಪ್ರದರ್ಶನ ಹೆಸರು, ಬಗೆ, ಅನುಮತಿಸಿದ ಒಟ್ಟುಗೂಡಿಕೆ, ವಿಂಗಡಣೆಯ ಕ್ರಮ. ತಿಂಗಳುಗಳಿಗೆ ಪ್ರತ್ಯೇಕ ಕ್ರಮಸಂಖ್ಯೆ ಕೊಡದಿದ್ದರೆ ಅಕಾರಾದಿಯಲ್ಲಿ ಅಕ್ಟೋಬರ್ ಮೊದಲು, ಆಗಸ್ಟ್ ಆಮೇಲೆ ಬಂದು ಕೋಷ್ಟಕ ಓದಲಾಗದಂತಾಗುತ್ತದೆ.

ದಿನಾಂಕದ ಗುಂಪುಗಾರಿಕೆಯಲ್ಲಿ ಸಮಯ ವಲಯದ ತಪ್ಪು ಪದೇ ಪದೇ ಕಾಣುತ್ತದೆ. ಭಾರತೀಯ ಸಮಯ ವಿಶ್ವ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಏಪ್ರಿಲ್ 1ರ ಮಧ್ಯರಾತ್ರಿ ಸೊನ್ನೆ ಗಂಟೆಯೆಂದು ದಾಖಲಾದ ವ್ಯವಹಾರ ವಿಶ್ವ ಸಮಯದಲ್ಲಿ ಮಾರ್ಚ್ 31ರ ಸಂಜೆ 6:30. ಗುಂಪುಗಾರಿಕೆ ವಿಶ್ವ ಸಮಯದಲ್ಲಿ ನಡೆದರೆ ಆ ವ್ಯವಹಾರ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿಬಿಡುತ್ತದೆ. ದಿನ ಮಾತ್ರ ಮುಖ್ಯವಾದ ಕಡೆ ಗಂಟೆಯಿಲ್ಲದ ದಿನಾಂಕವನ್ನೇ ಇಡುವುದು, ಆರ್ಥಿಕ ವರ್ಷವನ್ನು ಸರ್ವರ್‌ನಲ್ಲೇ ಲೆಕ್ಕಹಾಕಿ ಆಯಾಮವಾಗಿ ಕೊಡುವುದು ಕ್ಷೇಮ. ಹಣವನ್ನು ದಶಮಾಂಶದ ರೂಪಾಯಿಯಾಗಿ ಬ್ರೌಸರ್‌ನಲ್ಲಿ ಕೂಡಿದರೆ ಪೈಸೆಯ ವ್ಯತ್ಯಾಸ ಬರುತ್ತದೆ. ಪೂರ್ಣಾಂಕ ಪೈಸೆಯಾಗಿ ಕೂಡಿ ಕೊನೆಗೆ ರೂಪಾಯಿಗೆ ತರಬೇಕು.

ಸರ್ವರ್ ಲೆಕ್ಕದಲ್ಲಿ ಕಂಬಸಾಲುಗಳನ್ನು ಎಸ್‌ಕ್ಯೂಎಲ್‌ನೊಳಗೇ ತಿರುಗಿಸಬೇಕೆ ಎಂಬ ಪ್ರಶ್ನೆ ಬರುತ್ತದೆ. ಎಸ್‌ಕ್ಯೂಎಲ್ ಸರ್ವರ್ 2005ರಿಂದ, ಒರಾಕಲ್ 11ಜಿಯಿಂದ ಪಿವಟ್ ಎಂಬ ಪ್ರತ್ಯೇಕ ಪದವಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಕ್ರಾಸ್‌ಟ್ಯಾಬ್ ಎಂಬ ಸೇರ್ಪಡೆಯಿದೆ. ಆದರೆ ಇವುಗಳಲ್ಲಿ ಸಾಮಾನ್ಯವಾಗಿ ಕಂಬಸಾಲುಗಳ ಹೆಸರು ಮೊದಲೇ ತಿಳಿದಿರಬೇಕು, ಬಳಕೆದಾರನ ಆಯ್ಕೆಯ ಕೋಷ್ಟಕದಲ್ಲಿ ಅದು ತಿಳಿದಿರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಒಂದು ಕೋಷ್ಟಕಕ್ಕೆ 1,600 ಕಂಬಸಾಲುಗಳ ಮಿತಿಯೂ ಇದೆ. ಹೀಗಾಗಿ ಡೇಟಾಬೇಸ್ ಗುಂಪು ಮಾಡಿ ಉದ್ದ ರೂಪದಲ್ಲೇ ಉತ್ತರ ಕೊಡಲಿ, ಅಡ್ಡಸಾಲು–ಕಂಬಸಾಲುಗಳಾಗಿ ಜೋಡಿಸುವ ಕೆಲಸ ಬ್ರೌಸರ್‌ನಲ್ಲಿ ಆಗಲಿ ಎಂಬುದೇ ಹೆಚ್ಚು ಬಾಳಿಕೆಯ ವಿಧಾನ. ಉಪಮೊತ್ತಗಳಿಗೆ ಗ್ರೂಪಿಂಗ್ ಸೆಟ್ಸ್ ಬಳಸಿದಾಗ ಮೊತ್ತದ ಸಾಲಿನಲ್ಲಿ ಆಯಾಮದ ಜಾಗ ಖಾಲಿ ಬರುತ್ತದೆ. ಇದು ದತ್ತಾಂಶದಲ್ಲೇ ಇದ್ದ ಖಾಲಿಯೋ ಮೊತ್ತದ ಗುರುತೋ ಎಂದು ಬೇರ್ಪಡಿಸಲು ಗ್ರೂಪಿಂಗ್ ಎಂಬ ಸಹಾಯಕ ಕ್ರಿಯೆಯಿದೆ. ಎಲ್ಲ ಸಂಯೋಜನೆಗಳನ್ನೂ ಕ್ಯೂಬ್‌ನಿಂದ ಕೇಳುವುದು ದುಬಾರಿ: 4 ಆಯಾಮಗಳಿಗೆ 16 ಗುಂಪುಗಾರಿಕೆ, 10 ಆಯಾಮಗಳಿಗೆ 1,024. ಪರದೆಯಲ್ಲಿ ಕಾಣುವ ಉಪಮೊತ್ತಗಳನ್ನು ಮಾತ್ರ ಕೇಳಿದರೆ ಸಾಕು.

ವಿನ್ಯಾಸವನ್ನು ಜೇಸನ್ ರೂಪದಲ್ಲಿ ಇಟ್ಟರೆ ಅದನ್ನು ಉಳಿಸಬಹುದು, ಕೊಂಡಿಯಾಗಿ ಸಹೋದ್ಯೋಗಿಗೆ ಕಳಿಸಬಹುದು, ಹಿಂದಿನ ಹೆಜ್ಜೆಗೆ ಮರಳಬಹುದು. ಒಂದೇ ವಿನ್ಯಾಸಕ್ಕೆ ಸಿಕ್ಕ ಉತ್ತರವನ್ನು ಕೆಲಕಾಲ ಸಂಗ್ರಹಿಸಿಟ್ಟರೆ ಡೇಟಾಬೇಸಿನ ಹೊರೆಯೂ ತಗ್ಗುತ್ತದೆ. ಆದರೆ ಆ ಸಂಗ್ರಹದ ಕೀಲಿಯಲ್ಲಿ ಬಳಕೆದಾರನ ಅನುಮತಿಯ ವ್ಯಾಪ್ತಿಯೂ ಸೇರಿರಬೇಕು. ಇಲ್ಲವಾದರೆ ಒಬ್ಬರಿಗೆ ಸಲ್ಲುವ ಅಂಕಿ ಮತ್ತೊಬ್ಬರ ಪರದೆಗೆ ಹೋಗುತ್ತದೆ.

ಪರದೆಯ ಭಾಗ

ಅಡ್ಡಸಾಲುಗಳು ಸಾವಿರ ದಾಟಿದರೆ ಎಲ್ಲವನ್ನೂ ಪುಟದಲ್ಲಿ ಬರೆಯುವುದಿಲ್ಲ. ಕಣ್ಣಿಗೆ ಕಾಣುವ ಸಾಲುಗಳನ್ನಷ್ಟೇ ಬರೆದು, ಸರಿಸಿದಂತೆ ಬದಲಿಸುವ ವರ್ಚುವಲ್ ಸ್ಕ್ರೋಲ್ ಬಳಸುತ್ತಾರೆ. ಶೀರ್ಷಿಕೆಗಳು ಮೇಲೂ ಎಡಕ್ಕೂ ಅಂಟಿಕೊಂಡಿರಬೇಕು. ಸಂಖ್ಯೆಗಳು ಬಲಕ್ಕೆ ಸರಿದು, ಅಂಕಿಗಳ ಅಗಲ ಸಮನಾಗಿರಬೇಕು.

ಎಳೆದು ಬಿಡುವ ಸೌಲಭ್ಯ ಎಲ್ಲರಿಗೂ ಒದಗುವುದಿಲ್ಲ. ಕೈ ನಡುಗುವವರು, ಕೀಬೋರ್ಡ್ ಮಾತ್ರ ಬಳಸುವವರು, ಸಣ್ಣ ಮೊಬೈಲ್ ಪರದೆಯವರು ಅದರಿಂದ ಹೊರಗುಳಿಯುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ, ಎಳೆತದಿಂದ ಆಗುವ ಕೆಲಸಕ್ಕೆ ಎಳೆಯದೆಯೇ ಮಾಡುವ ದಾರಿಯೂ ಇರಬೇಕೆಂದು 2.5.7ನೇ ಅಂಶದಲ್ಲಿ ಹೇಳುತ್ತದೆ. ಪ್ರತಿ ಫೀಲ್ಡಿಗೂ ‘ಅಡ್ಡಸಾಲಿಗೆ ಸೇರಿಸು’, ‘ಕಂಬಸಾಲಿಗೆ ಸೇರಿಸು’, ‘ತೆಗೆದುಹಾಕು’ ಎಂಬ ಮೆನು ಕೊಟ್ಟರೆ ಇದು ಈಡೇರುತ್ತದೆ. ಪರದೆ ಓದುವ ತಂತ್ರಾಂಶ ಬಳಸುವ ಅಂಧರಿಗೆ ಕೋಶದ ಸಂಖ್ಯೆಯ ಜೊತೆಗೆ ಅದರ ಅಡ್ಡಸಾಲು ಮತ್ತು ಕಂಬಸಾಲುಗಳ ಶೀರ್ಷಿಕೆಯೂ ಕೇಳಬೇಕು. ಶೀರ್ಷಿಕೆ ಕೋಶಗಳನ್ನು ಎಚ್‌ಟಿಎಂಎಲ್‌ನ ಶೀರ್ಷಿಕೆ ಅಂಶಗಳಾಗಿಯೇ ಬರೆದರೆ ಈ ಕೆಲಸ ಬಹುಪಾಲು ತಾನಾಗಿ ಆಗುತ್ತದೆ. ಬರಿಯ ಪೆಟ್ಟಿಗೆಗಳನ್ನು ಜೋಡಿಸಿ ಕೋಷ್ಟಕದಂತೆ ಕಾಣಿಸುವ ಅಳವಡಿಕೆಗಳು ಇಲ್ಲಿ ಸೋಲುತ್ತವೆ.

ಕನ್ನಡ ದತ್ತಾಂಶ

ಕನ್ನಡದ ಶೀರ್ಷಿಕೆಗಳಿರುವ ಪಿವಟ್ ಕೋಷ್ಟಕಕ್ಕೆ ಕೆಲವು ವಿಶೇಷ ಎಚ್ಚರಗಳು ಬೇಕು. ಯೂನಿಕೋಡ್‌ನಲ್ಲಿ ‘ಕೋ’ ಎಂಬಲ್ಲಿಯ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗುಂಪು ಮಾಡುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಪದಗಳಾದ್ದರಿಂದ ‘ಕೋಲಾರ’ ಎಂಬ ಸಾಲು ಎರಡು ಬಾರಿ ಕಾಣಿಸಿಕೊಳ್ಳುತ್ತದೆ, ಜಿಲ್ಲೆಯ ಮೊತ್ತ ಒಡೆದುಹೋಗುತ್ತದೆ. ಕಣ್ಣಿಗೆ ಕಾಣದ ಜೋಡಕ ಸಂಕೇತಗಳು, ಕೊನೆಯ ಖಾಲಿ ಜಾಗಗಳು ಕೂಡ ಇದೇ ತೊಂದರೆ ಕೊಡುತ್ತವೆ. ದತ್ತಾಂಶ ಸೇರುವ ಹಂತದಲ್ಲೇ ಯೂನಿಕೋಡ್ ಏಕರೂಪಗೊಳಿಸುವಿಕೆ ನಡೆಸಬೇಕು. ಗುಂಪುಗಾರಿಕೆಯನ್ನು ಹೆಸರಿನ ಮೇಲೆ ಮಾಡದೆ ಜಿಲ್ಲೆಯ ಸಂಕೇತಸಂಖ್ಯೆಯ ಮೇಲೆ ಮಾಡುವುದು ಇನ್ನೂ ಗಟ್ಟಿಯಾದ ಉಪಾಯ.

ಹೆಸರುಗಳು ಕಾಲಕ್ಕೆ ತಕ್ಕಂತೆ ಬದಲಾಗುವುದೂ ಇದಕ್ಕೆ ಸೇರಿದ ಸಮಸ್ಯೆ. 2014ರ ನವೆಂಬರ್ 1ರಿಂದ ಗುಲ್ಬರ್ಗಾ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು; ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರುಗಳಿವೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. 2018 ಮತ್ತು 2022ರ ಬಳ್ಳಾರಿಯನ್ನು ಪಕ್ಕಪಕ್ಕದಲ್ಲಿಟ್ಟ ಕೋಷ್ಟಕ ಎರಡು ಬೇರೆ ವಿಸ್ತೀರ್ಣಗಳನ್ನು ಹೋಲಿಸುತ್ತಿರುತ್ತದೆ. ದಾಖಲೆಗಳನ್ನು ತಾಲ್ಲೂಕು ಮಟ್ಟದಲ್ಲಿ ಇಟ್ಟು, ಯಾವ ಕಾಲದಲ್ಲಿ ಆ ತಾಲ್ಲೂಕು ಯಾವ ಜಿಲ್ಲೆಯದು ಎಂಬ ಪ್ರತ್ಯೇಕ ಪಟ್ಟಿ ಇದ್ದರೆ ಹಳೆಯ ಗಡಿಯಲ್ಲೂ ಹೊಸ ಗಡಿಯಲ್ಲೂ ಮೊತ್ತ ಪಡೆಯಬಹುದು.

ಬ್ರೌಸರ್‌ಗಳಲ್ಲಿರುವ ಇಂಟಲ್ ಎಂಬ ಜಾವಾಸ್ಕ್ರಿಪ್ಟ್ ಸೌಲಭ್ಯ ಸಂಖ್ಯೆಗಳನ್ನು ಲಕ್ಷ–ಕೋಟಿಯ ಕ್ರಮದಲ್ಲಿ ಅಲ್ಪವಿರಾಮ ಹಾಕಿ ತೋರಿಸಬಲ್ಲದು, ಬೇಕೆಂದಲ್ಲಿ ೧, ೨, ೩ ಎಂಬ ಕನ್ನಡ ಅಂಕಿಗಳನ್ನೂ ಬಳಸಬಲ್ಲದು. ಅಕಾರಾದಿ ವಿಂಗಡಣೆಗೂ ಇದನ್ನೇ ಬಳಸಬೇಕು. ಯೂನಿಕೋಡ್ ಸಂಕೇತಸಂಖ್ಯೆಯ ಕ್ರಮ ಕನ್ನಡ ನಿಘಂಟಿನ ಕ್ರಮಕ್ಕೆ ಎಲ್ಲ ಕಡೆ ಹೊಂದುವುದಿಲ್ಲ. ರೋಮನ್ ಲಿಪಿಗೆಂದು ನಿಗದಿಮಾಡಿದ ಸಾಲಿನ ಎತ್ತರದಲ್ಲಿ ಕನ್ನಡದ ಒತ್ತಕ್ಷರಗಳು ಕತ್ತರಿಸಿಹೋಗುತ್ತವೆ. ವರ್ಚುವಲ್ ಸ್ಕ್ರೋಲ್‌ನಲ್ಲಿ ಸಾಲಿನ ಎತ್ತರ ಸ್ಥಿರವಾಗಿರುವುದರಿಂದ ಅದನ್ನು ಮೊದಲೇ ಹೆಚ್ಚಿಸಿಡಬೇಕು. ಸಿಎಸ್‌ವಿ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಅಕ್ಷರಗಳು ಕೆಡದಿರಲು ಕಡತದ ಆರಂಭದಲ್ಲಿ ಯುಟಿಎಫ್-8 ಗುರುತು ಬೇಕು. ಅಕ್ಷರ ಜೋಡಣೆಯ ವ್ಯವಸ್ಥೆಯಿಲ್ಲದ ಪಿಡಿಎಫ್ ಲೈಬ್ರರಿಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಮುದ್ರಣವಾಗುತ್ತವೆ. ಅಂಥಲ್ಲಿ ಬ್ರೌಸರ್‌ನ ಸ್ವಂತ ಮುದ್ರಣ ಸೌಲಭ್ಯವೇ ಮೇಲು.

ಸುರಕ್ಷತೆ ಮತ್ತು ಖಾಸಗಿತನ

ಬ್ರೌಸರ್‌ಗೆ ಬಂದ ದತ್ತಾಂಶವೆಲ್ಲ ಬಳಕೆದಾರನ ಕೈಗೆ ಬಂದಂತೆಯೇ. ಪರದೆಯ ಮೇಲೆ ಮರೆಮಾಡಿದ ಫೀಲ್ಡ್ ರಕ್ಷಿತವಲ್ಲ. ತಾಲ್ಲೂಕು ಅಧಿಕಾರಿಗೆ ತನ್ನ ತಾಲ್ಲೂಕು ಮಾತ್ರ ಕಾಣಬೇಕಾದರೆ ಆ ನಿರ್ಬಂಧ ಡೇಟಾಬೇಸಿನಲ್ಲೇ ಇರಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಇದಕ್ಕೆ ಸಾಲು ಮಟ್ಟದ ಭದ್ರತಾ ನಿಯಮಗಳಿವೆ. ಫಿಲ್ಟರ್‌ನ ಮೌಲ್ಯಗಳನ್ನು ಪ್ರಶ್ನೆಗೆ ಸುರಕ್ಷಿತವಾಗಿ ಕಟ್ಟಿ ಕಳಿಸುವ ವ್ಯವಸ್ಥೆ ಎಲ್ಲ ಡೇಟಾಬೇಸ್‌ಗಳಲ್ಲೂ ಇದೆ, ಆದರೆ ಫೀಲ್ಡ್‌ಗಳ ಹೆಸರನ್ನು ಹಾಗೆ ಕಟ್ಟಲಾಗದು. ಪಿವಟ್ ಕೋಷ್ಟಕದಲ್ಲಿ ಫೀಲ್ಡಿನ ಹೆಸರೇ ಬ್ರೌಸರ್‌ನಿಂದ ಬರುವುದರಿಂದ, ಅನುಮತಿಸಿದ ಹೆಸರುಗಳ ಪಟ್ಟಿಯೊಂದಿಗೆ ಹೋಲಿಸದೆ ಅದನ್ನು ಪ್ರಶ್ನೆಗೆ ಸೇರಿಸುವುದು ದಾಳಿಗೆ ಬಾಗಿಲು ತೆರೆದಂತೆ. ಸಿಎಸ್‌ವಿಗೆ ಬರೆಯುವಾಗ =, +, -, @ ಚಿಹ್ನೆಗಳಿಂದ ಆರಂಭವಾಗುವ ಪಠ್ಯವನ್ನು ಸ್ಪ್ರೆಡ್‌ಶೀಟ್ ಸೂತ್ರವೆಂದು ಓದುವ ಅಪಾಯವಿದೆ.

ಸಾರಾಂಶ ಅಂಕಿಗಳಿಂದಲೂ ವ್ಯಕ್ತಿಯ ಗುರುತು ಬಯಲಾಗಬಹುದು. ಒಂದು ಗ್ರಾಮ, ಒಂದು ವಯೋಮಾನ, ಒಂದು ಕಾಯಿಲೆ ಕೂಡುವ ಕೋಶದಲ್ಲಿ 1 ಎಂದಿದ್ದರೆ ಆ ವ್ಯಕ್ತಿ ಯಾರೆಂದು ಊರಿನವರಿಗೆ ತಿಳಿಯುತ್ತದೆ. ನಿಗದಿತ ಮಿತಿಗಿಂತ ಸಣ್ಣ ಸಂಖ್ಯೆಯನ್ನು ಮರೆಮಾಡುವುದು ರೂಢಿ. ಸಾಲಿನ ಮೊತ್ತದಿಂದ ಉಳಿದ ಕೋಶಗಳನ್ನು ಕಳೆದರೆ ಮರೆಮಾಡಿದ ಸಂಖ್ಯೆ ಮತ್ತೆ ಸಿಗುವುದರಿಂದ ಜೊತೆಗೆ ಇನ್ನೊಂದು ಕೋಶವನ್ನೂ ಮುಚ್ಚಬೇಕಾಗುತ್ತದೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಎಚ್ಚರಕ್ಕೆ ಕಾನೂನಿನ ತೂಕವೂ ಸೇರಿದೆ.

ಬಳಕೆ

ಮಾರಾಟ ಮತ್ತು ದಾಸ್ತಾನಿನ ವರದಿ, ಆಯವ್ಯಯ ಮತ್ತು ವೆಚ್ಚದ ಹೋಲಿಕೆ, ಆಸ್ಪತ್ರೆಗಳ ರೋಗಿ ಸಂಖ್ಯೆ, ಶಾಲಾ ಹಾಜರಾತಿ, ಸಮೀಕ್ಷೆಗಳ ಉತ್ತರ ಇತ್ಯಾದಿಗಳಲ್ಲಿ ಪಿವಟ್ ಕೋಷ್ಟಕ ಬಳಕೆಯಲ್ಲಿದೆ. ಪ್ರಶ್ನೆಗಳು ಮೊದಲೇ ಗೊತ್ತಿಲ್ಲದ, ಒಂದು ಉತ್ತರದಿಂದ ಮುಂದಿನ ಪ್ರಶ್ನೆ ಹುಟ್ಟುವ ಕೆಲಸಗಳಿಗೆ ಅದು ಹೆಚ್ಚು ಒಗ್ಗುತ್ತದೆ. ಪ್ರತಿ ತಿಂಗಳೂ ಒಂದೇ ನಮೂನೆಯ ವರದಿ ಬೇಕಾದವರಿಗೆ ಸ್ಥಿರ ಕೋಷ್ಟಕವೇ ಸಾಕು. ಏರಿಳಿತದ ಒಟ್ಟು ಚಿತ್ರಣ ಮಾತ್ರ ಬೇಕಾದವರಿಗೆ ರೇಖಾಚಿತ್ರ ಮೇಲು.

ಇಂದಿನ ಸ್ಥಿತಿ

ವೆಬ್‌ಅಸೆಂಬ್ಲಿ 2019ರ ಡಿಸೆಂಬರ್‌ನಲ್ಲಿ ಡಬ್ಲ್ಯು3ಸಿ ಶಿಫಾರಸಾದ ಮೇಲೆ ಬ್ರೌಸರ್ ಲೆಕ್ಕದ ಮಿತಿ ಬಹಳ ಮೇಲೇರಿದೆ. ಜೆ. ಪಿ. ಮಾರ್ಗನ್ ಬ್ಯಾಂಕಿನಲ್ಲಿ ಬೆಳೆದು ಮುಕ್ತವಾದ ಪರ್ಸ್‌ಪೆಕ್ಟಿವ್ ಎಂಬ ಘಟಕ ಸಿ++ ಭಾಷೆಯ ಎಂಜಿನನ್ನು ವೆಬ್‌ಅಸೆಂಬ್ಲಿಯಾಗಿ ನಡೆಸಿ, ಕ್ಷಣಕ್ಷಣಕ್ಕೂ ಹರಿದುಬರುವ ದತ್ತಾಂಶದ ಮೇಲೂ ಪಿವಟ್ ಮಾಡುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಡಕ್‌ಡಿಬಿ ಬ್ರೌಸರ್‌ನೊಳಗೇ ಪೂರ್ಣ ಎಸ್‌ಕ್ಯೂಎಲ್ ನಡೆಸಬಲ್ಲದು. ಅದರ ಪಿವಟ್ ವಾಕ್ಯಕ್ಕೆ ಕಂಬಸಾಲುಗಳ ಹೆಸರನ್ನು ಮೊದಲೇ ಹೇಳಬೇಕಿಲ್ಲ. ದತ್ತಾಂಶವನ್ನು ಕಂಬಸಾಲುಗಳಾಗಿ ಸಾಗಿಸುವ ಅಪಾಚೆ ಆರೋ ಮಾನಕ ಇವೆರಡಕ್ಕೂ ಬೆಂಬಲವಾಗಿದೆ. ಬಳಕೆದಾರ ಸಾದಾ ಮಾತಿನಲ್ಲಿ ಕೇಳಿದ ಪ್ರಶ್ನೆಯಿಂದ ಭಾಷಾ ಮಾದರಿಗಳು ವಿನ್ಯಾಸವನ್ನು ರಚಿಸಿಕೊಡುವ ಸೌಲಭ್ಯವೂ ಸೇರುತ್ತಿದೆ. ಅಲ್ಲಿ ಮಾದರಿಯು ವಿನ್ಯಾಸವನ್ನು ಮಾತ್ರ ಸೂಚಿಸಿ, ಲೆಕ್ಕವನ್ನು ಎಂದಿನಂತೆ ಎಂಜಿನ್ ಮಾಡುವ ವ್ಯವಸ್ಥೆಯೇ ನಂಬಲರ್ಹ, ಏಕೆಂದರೆ ಸೂಚಿಸಿದ ವಿನ್ಯಾಸವನ್ನು ಬಳಕೆದಾರ ಪರದೆಯಲ್ಲೇ ಓದಿ ಪರಿಶೀಲಿಸಬಹುದು. ಅಳವಡಿಸುವವರು ಯಾವ ಲೈಬ್ರರಿಯನ್ನು ಆರಿಸಿದರೂ, ಬಿಡುಗಡೆಗೆ ಮುನ್ನ ಒಂದು ಸಣ್ಣ ದಾಖಲೆಪಟ್ಟಿಯ ಸರಾಸರಿ, ವಿಶಿಷ್ಟ ಎಣಿಕೆ ಮತ್ತು ಉಪಮೊತ್ತಗಳನ್ನು ಕೈಯಿಂದ ಲೆಕ್ಕಹಾಕಿ ಕೋಷ್ಟಕದೊಂದಿಗೆ ಹೋಲಿಸಿ ನೋಡುವುದು ಅಗತ್ಯ.